ಬ್ರೌಸರ್ ಅಪ್‌ಡೇಟ್ ನಾಳೆಗೆ ತಳ್ಳಬೇಡಿ: ಸೇವಾ ಕೇಂದ್ರ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಗ್ರಾಮ ಒನ್, ಕರ್ನಾಟಕ ಒನ್, ಸಿಎಸ್‌ಸಿ, ಬಾಪೂಜಿ ಸೇವಾ ಕೇಂದ್ರಗಳನ್ನು ನಡೆಸುವವರಿಗೆ, ಬಸ್ ಸ್ಟ್ಯಾಂಡಿನ ಪಕ್ಕ, ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಎಲ್ಲ ಅಕ್ಕ, ಅಣ್ಣ, ತಮ್ಮ, ತಂಗಿಯರಿಗೆ,

ನಾನು ಕೇಳಿಕೊಳ್ಳುತ್ತಿರುವುದು ಚಿಕ್ಕ ವಿಷಯ. ಕ್ರೋಮ್ ಇರಲಿ, ಎಡ್ಜ್ ಇರಲಿ, ಫೈರ್‌ಫಾಕ್ಸ್ ಇರಲಿ, ನಿಮ್ಮ ಬ್ರೌಸರ್ ಅಪ್‌ಡೇಟ್ ಕೇಳಿದಾಗ ನಾಳೆ ನೋಡೋಣ ಎನ್ನಬೇಡಿ. ಒಮ್ಮೆ ಮುಚ್ಚಿ ಮತ್ತೆ ತೆರೆಯಿರಿ. ಇಷ್ಟು ಹೇಳಲು ಇಷ್ಟುದ್ದದ ಪತ್ರ ಯಾಕೆ ಅಂದರೆ, ಈ ಮಾತನ್ನು ನಾನು ನಿಮ್ಮ ಅಂಗಡಿಗಳಿಗೆ ಬಂದಾಗಲೆಲ್ಲ ಹೇಳುತ್ತೇನೆ, ನೀವು ಹೂಂ ಅನ್ನುತ್ತೀರಿ, ಮುಂದಿನ ಸಲ ಬಂದಾಗ ಯಂತ್ರ ಹಾಗೇ ಇರುತ್ತದೆ. ನಿಂತ ಕಾಲಲ್ಲಿ ಹೇಳಿದರೆ ಕಾರಣ ತಲುಪುವುದಿಲ್ಲ ಅನ್ನಿಸಿತು.

ನನ್ನದು ಕಂಪ್ಯೂಟರ್ ಸರ್ವಿಸ್ ಕೆಲಸ. ಪ್ರಿಂಟರ್ ಪೇಪರ್ ಜಾಮ್, ಕೆಟ್ಟ ಎಸ್‌ಎಂಪಿಎಸ್, ಇಲಿ ಕಡಿದ ಕೇಬಲ್ಲು, ದೂಳು ತುಂಬಿ ಕೂಗುವ ಫ್ಯಾನು ಇವುಗಳಿಗೆ ನೀವು ನನ್ನಂಥವರನ್ನು ಕರೆಯುತ್ತೀರಿ. ಕೂತ ತಕ್ಷಣ ನನ್ನ ಕಣ್ಣು ಹೋಗುವುದು ಬ್ರೌಸರಿನ ಬಲ ಮೇಲ್ಮೂಲೆಗೆ. ಕ್ರೋಮ್‌ನಲ್ಲಿ ಆ ಮೂಲೆ ಬಣ್ಣದಲ್ಲೇ ವರದಿ ಕೊಡುತ್ತದೆ. ಅಪ್‌ಡೇಟ್ ಬಂದು ಎರಡು ದಿನದೊಳಗಾಗಿದ್ದರೆ ಹಸಿರು, ನಾಲ್ಕು ದಿನದ ಸುಮಾರಿಗೆ ಕಿತ್ತಳೆ, ವಾರ ದಾಟಿದರೆ ಕೆಂಪು. ನಾನು ನೋಡುವ ಕೇಂದ್ರಗಳಲ್ಲಿ ಹೆಚ್ಚಿನವು ಕೆಂಪಿನಲ್ಲೇ ಇರುತ್ತವೆ. ಮೇಲೆ ಸೇವಾ ಸಿಂಧು, ನಾಡಕಚೇರಿ, ಭೂಮಿ, ಯಾರದೋ ಜಿಮೇಲ್, ಯಾರದೋ ಸ್ಕಾಲರ್‌ಶಿಪ್ ಅರ್ಜಿ, ಹೆಸರು ಕಾಣದಷ್ಟು ಸಣ್ಣಗಾದ ಟ್ಯಾಬುಗಳ ಸಾಲು. ರಾತ್ರಿ ಷಟರ್ ಎಳೆಯುವಾಗ ಮಾನಿಟರ್ ಮಾತ್ರ ಆರಿಸುತ್ತೀರಿ, ಸಿಪಿಯು ಓಡುತ್ತಲೇ ಇರುತ್ತದೆ. ಅಪ್‌ಡೇಟ್ ಡೌನ್‌ಲೋಡ್ ಆಗಿ ಬಂದು ಕೂತಿರುತ್ತದೆ. ಆದರೆ ಬ್ರೌಸರ್ ಮುಚ್ಚುವ ತನಕ ಹಳೆಯದೇ ಕೆಲಸ ಮಾಡುತ್ತದೆ, ಹೊಸದು ಹೊರಗೇ ಕಾಯುತ್ತದೆ.

ಮನೆಯಲ್ಲಿ ಒಬ್ಬರು ತಮ್ಮ ಲ್ಯಾಪ್‌ಟಾಪನ್ನು ಹೀಗೆ ಇಟ್ಟುಕೊಂಡರೆ ಹೆಚ್ಚೆಂದರೆ ಅವರಿಗೆ, ಅವರ ಮನೆಯವರಿಗೆ ನಷ್ಟ. ನಿಮ್ಮ ಯಂತ್ರದ ಲೆಕ್ಕ ಬೇರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮುಂದೆ ಎಷ್ಟು ಜನ ಆಧಾರ್ ಕಾರ್ಡು ಇಡುತ್ತಾರೆ, ಪಾಸ್‌ಬುಕ್ಕಿನ ಮೊದಲ ಪುಟ ತೆರೆಯುತ್ತಾರೆ, ಬೆರಳು ಒತ್ತುತ್ತಾರೆ ನೆನೆಸಿಕೊಳ್ಳಿ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಸಿಇಟಿ ಅರ್ಜಿ, ವಿಧವಾ ವೇತನ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಎಲ್ಲವೂ ಆ ಒಂದು ಕಿಟಕಿಯಲ್ಲೇ ಹಾದುಹೋಗಬೇಕು. ಈಚೆಗೆ ಒಂದು ಕೇಂದ್ರದಲ್ಲಿ ಪ್ರಿಂಟರ್ ನೋಡುತ್ತಾ ಕೂತಿದ್ದೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಕ್ಕ ಕೀಪ್ಯಾಡ್ ಫೋನ್ ತೆಗೆದು ಕೌಂಟರ್ ಮೇಲಿಟ್ಟರು.

“ಮೆಸೇಜ್ ಬಂದೈತೇನೋ ನೋಡಪ್ಪಾ, ನಂಗೆ ಓದಕ್ಕೆ ಬರಲ್ಲ.”

“ಬಂತು ಅಜ್ಜಿ, ನಾನೇ ಹಾಕ್ಕೊಂತೀನಿ ಬಿಡಿ.”

“ಹೂಂ, ನೀನೇ ಹಾಕ್ಕೋ. ನಿನ್ನ ಬಿಟ್ರೆ ಯಾರವ್ರೆ ನಂಗೆ?”

ಹುಡುಗ ಓಟಿಪಿ ಹಾಕಿ, ಅರ್ಜಿ ಮುಗಿಸಿ, ಪ್ರಿಂಟು ಕೈಗೆ ಕೊಟ್ಟ. ಆ ಹುಡುಗನ ಪ್ರಾಮಾಣಿಕತೆಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅಜ್ಜಿ ನಂಬಿದ್ದು ಅವನೊಬ್ಬನನ್ನೇ ಅಲ್ಲ. ಅವನ ಮುಂದಿದ್ದ ಯಂತ್ರವನ್ನೂ, ಅದರೊಳಗಿನ ಬ್ರೌಸರನ್ನೂ ಅವರಿಗೇ ಗೊತ್ತಿಲ್ಲದೆ ನಂಬಿದರು. ಆ ಬ್ರೌಸರಿನ ಮೂಲೆ ಅವತ್ತು ಕೆಂಪಗಿತ್ತು.

ಅಪ್‌ಡೇಟ್ ಅಂದರೆ ಗುಂಡಿಗಳ ಜಾಗ ಬದಲಾಯಿಸುವುದು, ಹೊಸ ಬಣ್ಣ ಹಾಕುವುದು ಎಂದು ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ಅದೂ ಒಂದಿಷ್ಟು ಇರುತ್ತದೆ, ಅದರಿಂದ ಕಿರಿಕಿರಿಯಾಗುವುದೂ ನಿಜ. ಹೆಚ್ಚಿನ ಅಪ್‌ಡೇಟುಗಳ ತಿರುಳು ಮಾತ್ರ ಬೇರೆಯೇ. ನೀವು ಒಂದು ವೆಬ್‌ಸೈಟ್ ತೆರೆದಿರಿ ಅಂದರೆ, ಯಾರೋ ಎಲ್ಲೋ ಬರೆದ ಪ್ರೋಗ್ರಾಮನ್ನು ನಿಮ್ಮ ಯಂತ್ರದಲ್ಲಿ ಓಡಿಸಲು ಒಪ್ಪಿದಿರಿ ಎಂದೇ ಅರ್ಥ. ಚಿತ್ರ, ವಿಡಿಯೋ, ಅಕ್ಷರದ ಫಾಂಟ್, ಜಾವಾಸ್ಕ್ರಿಪ್ಟ್, ಜಾಹೀರಾತು ಎಲ್ಲವನ್ನೂ ಬ್ರೌಸರ್ ತನ್ನೊಳಗೆ ಬಿಟ್ಟುಕೊಳ್ಳಬೇಕು, ಆದರೆ ಅವು ಕಂಪ್ಯೂಟರಿನ ಬೇರೆ ಯಾವುದನ್ನೂ ಮುಟ್ಟದಂತೆ ತಡೆಯಬೇಕು. ಈ ಕೆಲಸ ಮಾಡುವ ಪ್ರೋಗ್ರಾಮು ಕೋಟ್ಯಂತರ ಸಾಲುಗಳದ್ದು. ಅಷ್ಟು ದೊಡ್ಡದರಲ್ಲಿ ತಪ್ಪು ಉಳಿದೇ ಉಳಿಯುತ್ತದೆ. ಕ್ರೋಮ್‌ನಲ್ಲಿ ಸಿಕ್ಕ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಅದನ್ನು ತಯಾರಿಸುವವರೇ 2020ರಲ್ಲಿ ಹೇಳಿದರು. ಪ್ರೋಗ್ರಾಮು ತನ್ನದಲ್ಲದ ಜಾಗದಲ್ಲಿ ಬರೆದುಬಿಡುತ್ತದೆ, ಇಲ್ಲವೇ ಒಮ್ಮೆ ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಹೋಗಿ ಮುಟ್ಟುತ್ತದೆ. ಆ ಸಂದಿಯಲ್ಲಿ ಕಳ್ಳ ತನ್ನ ಪ್ರೋಗ್ರಾಮನ್ನು ತೂರಿಸುತ್ತಾನೆ.

2022ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಹುಡುಕಿಕೊಂಡು ನಿಮ್ಮ ಕೇಂದ್ರಕ್ಕೆ ಬರುವ ಮಕ್ಕಳಿಗೂ ಇದು ಸಂಬಂಧಿಸಿದ್ದು. ಆ ವರ್ಷದ ಫೆಬ್ರವರಿ 10ರಂದು ಗೂಗಲ್‌ನ ಭದ್ರತಾ ತಂಡದವರಿಗೆ ಉತ್ತರ ಕೊರಿಯಾ ಸರ್ಕಾರದ ಬೆಂಬಲ ಇರುವ ಎರಡು ಗುಂಪುಗಳ ಕೈಚಳಕ ಕಂಡಿತು. ಕ್ರೋಮ್‌ನಲ್ಲಿ ಅನಿಮೇಷನ್ ತೋರಿಸುವ ಭಾಗದಲ್ಲಿ ಒಂದು ದೋಷವಿತ್ತು, ಆಗಲೇ ಹೇಳಿದೆನಲ್ಲ, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟುವಂಥದ್ದು. ಆ ದೋಷವನ್ನು ಜನವರಿ ಮೊದಲ ವಾರದಿಂದಲೇ ಅವರು ಬಳಸುತ್ತಿದ್ದರು. ದೊಡ್ಡ ದೊಡ್ಡ ಕಂಪನಿಗಳ ಹೆಸರಿನಲ್ಲಿ ಕೆಲಸ ಖಾಲಿ ಇದೆ ಎಂದು ಇಮೇಲ್ ಕಳಿಸುವುದು, ಪ್ರಸಿದ್ಧ ಉದ್ಯೋಗ ತಾಣಗಳ ಹಾಗೆಯೇ ಕಾಣುವ ನಕಲಿ ತಾಣಕ್ಕೆ ಕರೆದೊಯ್ಯುವುದು, ಅಷ್ಟೇ. ಅಲ್ಲಿ ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಪಾಸ್‌ವರ್ಡ್ ಕೊಡಬೇಕಿಲ್ಲ. ಪುಟ ತೆರೆದರೆ ಸಾಕು, ಕಣ್ಣಿಗೆ ಕಾಣದ ಒಂದು ಚೌಕಟ್ಟು ಉಳಿದ ಕೆಲಸ ಮಾಡುತ್ತಿತ್ತು. ಒಂದು ಗುಂಪು ಹತ್ತು ಸಂಸ್ಥೆಗಳ 250ಕ್ಕೂ ಹೆಚ್ಚು ಜನರಿಗೆ ಹೀಗೆ ಗಾಳ ಹಾಕಿತ್ತು. ಅವರೆಲ್ಲ ಸುದ್ದಿ ಮಾಧ್ಯಮ, ಸಾಫ್ಟ್‌ವೇರ್ ಕಂಪನಿಗಳಂಥ ಕಡೆ ಇದ್ದವರು, ಕಂಪ್ಯೂಟರ್ ಗೊತ್ತಿಲ್ಲದವರಲ್ಲ.

ದೋಷ ಕಂಡ ನಾಲ್ಕೇ ದಿನಕ್ಕೆ, ಫೆಬ್ರವರಿ 14ರಂದು, ರಿಪೇರಿ ಮಾಡಿದ ಕ್ರೋಮ್ ಹೊರಬಂತು. ನನ್ನ ಮನಸ್ಸಿನಲ್ಲಿ ಕೂತದ್ದು ಆಮೇಲಿನ ಸಂಗತಿ. ರಿಪೇರಿ ಬಂದ ಮೇಲೂ ದಾಳಿಕೋರರು ಸುಮ್ಮನಾಗಲಿಲ್ಲ, ಅದೇ ದೋಷವನ್ನು ಮತ್ತೆ ಮತ್ತೆ ಪ್ರಯೋಗಿಸುತ್ತಲೇ ಇದ್ದರು ಎಂದು ಗೂಗಲ್ ದಾಖಲಿಸಿದೆ. ಯಾಕೆ? ಮುಚ್ಚಿ ತೆರೆಯದವರು ಇನ್ನೂ ಬೇಕಾದಷ್ಟು ಜನ ಉಳಿದಿರುತ್ತಾರೆ ಎಂದು ಅವರಿಗೆ ಗೊತ್ತು.

ನಾಳೆ ಮಾಡಿದರಾಯಿತು ಅನ್ನುವವರು ಇದನ್ನು ಯೋಚಿಸಬೇಕು. ಅಪ್‌ಡೇಟ್ ಬರುವುದಕ್ಕಿಂತ ಮುಂಚೆ ಆ ದೋಷ ಗೊತ್ತಿದ್ದದ್ದು ಬೆರಳೆಣಿಕೆಯ ಜನಕ್ಕೆ. ಅಪ್‌ಡೇಟ್ ಬಂದ ಮೇಲೆ, ಎಲ್ಲಿ ಏನು ತಿದ್ದಿದ್ದಾರೆ ಎಂದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಕ್ರೋಮ್, ಎಡ್ಜ್‌ಗಳ ಬುನಾದಿಯಾದ ಕ್ರೋಮಿಯಮ್‌ನ ಕೋಡ್ ಬಹಿರಂಗವಾಗಿಯೇ ಇದೆ, ಯಾರು ಬೇಕಾದರೂ ಓದಬಹುದು. ಯಾವ ಮನೆಯ ಹಿತ್ತಿಲ ಬಾಗಿಲ ಚಿಲಕ ಮುರಿದಿತ್ತು ಎಂದು ಊರಿಗೆಲ್ಲ ಡಂಗುರ ಸಾರಿದಂತೆ. ಚಿಲಕ ಹಾಕಿಸಿಕೊಂಡವರಿಗೆ ಅದರಿಂದ ತೊಂದರೆಯಿಲ್ಲ, ಹಾಕಿಸಿಕೊಳ್ಳದವರ ಮನೆಯ ದಾರಿ ಕಳ್ಳರಿಗೆಲ್ಲ ಗೊತ್ತಾಯಿತು. ಹಾಗಾಗಿ ಅಪ್‌ಡೇಟ್ ಬಂದ ಮರುದಿನ ಹಳೆಯ ಬ್ರೌಸರ್ ಹಿಂದಿನ ದಿನಕ್ಕಿಂತ ಹೆಚ್ಚು ಅಪಾಯದ್ದು. ಗೂಗಲ್‌ನವರು ಪ್ರತಿ ಅಪ್‌ಡೇಟಿನ ಟಿಪ್ಪಣಿಯಲ್ಲಿ, ಬಹುಪಾಲು ಬಳಕೆದಾರರು ಹೊಸ ಆವೃತ್ತಿಗೆ ಬರುವವರೆಗೆ ದೋಷದ ವಿವರವನ್ನು ಮುಚ್ಚಿಡಬಹುದು ಎಂದು ಬರೆಯುತ್ತಾರೆ. ಬಹುಪಾಲು ಅಂದರೆ ಎಲ್ಲರೂ ಅಲ್ಲ. ಹಿಂದುಳಿದವರು ಆ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಕೇಂದ್ರ, ನಿಮ್ಮನ್ನು ನಂಬಿ ಬರುವ ಊರು, ಹಾಗೆ ಹಿಂದುಳಿದವರ ಸಾಲಿಗೆ ಸೇರಬಾರದು ಎಂಬುದೇ ನನ್ನ ಸಂಕಟ.

ದೋಷ ತಿದ್ದುವುದಕ್ಕೂ ಆ ತಿದ್ದುಪಡಿ ನಿಮ್ಮ ಯಂತ್ರ ತಲುಪುವುದಕ್ಕೂ ನಡುವೆ ಇರುವ ಅಂತರವನ್ನು ಕಡಿಮೆ ಮಾಡಲು ಗೂಗಲ್‌ನವರು ವರ್ಷಗಟ್ಟಲೆ ಹೆಣಗಿದ್ದಾರೆ. ಒಂದು ಕಾಲಕ್ಕೆ ಅದು ಸರಾಸರಿ 35 ದಿನ ಇತ್ತು, ಆಮೇಲೆ 15ಕ್ಕೆ ಇಳಿಯಿತು. 2023ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ 116ನೇ ಆವೃತ್ತಿಯಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡುತ್ತಿದ್ದಾರೆ. ಅದನ್ನು ಶುರುಮಾಡಿದ ಮರು ತಿಂಗಳೇ ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ಬಿಡಿಸುವ ಕೋಡಿನಲ್ಲಿ ದೊಡ್ಡ ದೋಷ ಸಿಕ್ಕಿತು. ಆ್ಯಪಲ್ ಕಂಪನಿಯವರು ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರು ಸೆಪ್ಟೆಂಬರ್ 6ರಂದು ಸುದ್ದಿ ಮುಟ್ಟಿಸಿದರು, 11ಕ್ಕೆ ಕ್ರೋಮ್, 12ಕ್ಕೆ ಫೈರ್‌ಫಾಕ್ಸ್ ಸರಿಯಾದವು. ಒಂದು ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕು, ದಾಳಿಗೆ ದಾರಿಯಾಗುತ್ತಿತ್ತು. ನಾನು ಎಚ್ಚರವಾಗಿದ್ದೇನೆ, ಬೇಡದ್ದಕ್ಕೆ ಕ್ಲಿಕ್ ಮಾಡುವುದಿಲ್ಲ ಎಂದು ನೀವು ಹೇಳುವುದು ನಿಜವೇ ಇರಬಹುದು. ಕ್ಲಿಕ್ಕೇ ಬೇಕಿಲ್ಲದ ಕಡೆ ಆ ಎಚ್ಚರ ಏನೂ ಮಾಡಲಾರದು.

ನೀವು ಯಾಕೆ ಮುಂದೂಡುತ್ತೀರಿ ಎಂಬುದು ನನಗೆ ಗೊತ್ತು, ಅದನ್ನು ಸೋಮಾರಿತನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದ ಮೇಲಿನ ದಿನಗಳನ್ನು ಯಾರು ಮರೆತಾರು? ಬೆಳಗಿನ ಜಾವದಿಂದಲೇ ಚಪ್ಪಲಿ ಸಾಲು, ಕಂಕುಳಲ್ಲಿ ಕೂಸು, ಸರ್ವರ್ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಲಾಗಿನ್ ಆದ ಪುಟ ಕೈಗೆ ಸಿಕ್ಕಿದ್ದೇ ಪುಣ್ಯ ಎನ್ನುವಾಗ ಅದನ್ನು ಮುಚ್ಚಿ ಎಂದರೆ ಯಾರು ಕೇಳುತ್ತಾರೆ? ಅಂಥ ಹೊತ್ತಿನಲ್ಲಿ ಮುಚ್ಚಿ ಎಂದು ನಾನೂ ಹೇಳುವುದಿಲ್ಲ. ಅದೇ ದಿನ ರಾತ್ರಿ ಮುಚ್ಚಿ ಎನ್ನುತ್ತೇನೆ. ಅಪ್‌ಡೇಟಿನ ರೀಲಾಂಚ್ ಗುಂಡಿ ಒತ್ತಿ ಮುಚ್ಚಿದರೆ, ಮತ್ತೆ ತೆರೆದಾಗ ಟ್ಯಾಬುಗಳು ವಾಪಸ್ ಬರುತ್ತವೆ. ಅರ್ಧ ತುಂಬಿದ ಅರ್ಜಿ ಮತ್ತು ಇನ್‌ಕಾಗ್ನಿಟೊ ಕಿಟಕಿ ಮಾತ್ರ ಬರುವುದಿಲ್ಲ, ಅವನ್ನು ಮುಗಿಸಿಕೊಂಡು ಮುಚ್ಚಿ.

ಬೆರಳಚ್ಚಿನ ಯಂತ್ರ ನಿಂತುಬಿಡುತ್ತದೆ ಎಂಬ ಭಯ ಇದಕ್ಕಿಂತ ದೊಡ್ಡದು. ಅಪ್‌ಡೇಟ್ ಆದ ಮೇಲೆ ಬಯೋಮೆಟ್ರಿಕ್ ಓದಲಿಲ್ಲ, ಡಿಎಸ್‌ಸಿ ಟೋಕನ್ ಕಾಣಲಿಲ್ಲ, ಇಡೀ ದಿನದ ದುಡಿಮೆ ಹೋಯಿತು ಎಂದು ಹೇಳಿದವರು ಇದ್ದಾರೆ. ಇದು ಸುಳ್ಳಲ್ಲ. ಬ್ರೌಸರ್ ಒಂದು ಹೆಜ್ಜೆ ಮುಂದೆ ಹೋದಾಗ ಆ ಸಾಧನದ ಪ್ರೋಗ್ರಾಮು ಹಿಂದೆ ಉಳಿದರೆ ಹೀಗಾಗುತ್ತದೆ. ಅದಕ್ಕೆ ಮದ್ದು ಆ ಸಾಧನದ ಡ್ರೈವರನ್ನೂ ಆರ್‌ಡಿ ಸರ್ವಿಸನ್ನೂ ಹೊಸದಕ್ಕೆ ತರುವುದು. ಎಷ್ಟೋ ಕಡೆ ನಡೆಯುವುದು ಬೇರೆ. ನಮ್ಮ ಕಸುಬಿನವರೇ ಕೆಲವರು ಬಂದು, ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ಗೂಗಲ್ ಅಪ್‌ಡೇಟ್ ಎಂಬುದನ್ನೇ ಡಿಸೇಬಲ್ ಮಾಡಿ, ಇನ್ನು ತಲೆನೋವಿಲ್ಲ ಎಂದು ಹೇಳಿ, ಸರ್ವಿಸ್ ಚಾರ್ಜ್ ತೆಗೆದುಕೊಂಡು ಹೋಗುತ್ತಾರೆ. ಆ ಯಂತ್ರದ ಮೂಲೆಯಲ್ಲಿ ಕೆಂಪೂ ಕಾಣುವುದಿಲ್ಲ, ಹಸಿರೂ ಕಾಣುವುದಿಲ್ಲ. ಎಲ್ಲ ಸರಿಯಿದೆ ಎಂದು ನೀವು ನೆಮ್ಮದಿಯಾಗಿರುತ್ತೀರಿ. ನಮ್ಮವರು ಇದನ್ನು ನಿಲ್ಲಿಸಬೇಕು. ಈ ಪತ್ರ ಓದುವ ಸರ್ವಿಸ್ ಎಂಜಿನಿಯರುಗಳಿಗೂ ಅದೇ ನನ್ನ ವಿನಂತಿ.

ಹಳೆಯ ಸೈಬರ್ ಸೆಂಟರುಗಳಲ್ಲಿ ಡೀಪ್ ಫ್ರೀಜ್ ಹಾಕಿರುತ್ತಾರೆ. ಗಿರಾಕಿ ಏನೇ ಕಲಸುಮೇಲೋಗರ ಮಾಡಿದರೂ ರೀಸ್ಟಾರ್ಟ್ ಮಾಡಿದ ಕೂಡಲೇ ಯಂತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ವೈರಸ್ ಉಳಿಯುವುದಿಲ್ಲ ಎಂದು ಅದರ ಮೇಲೆ ಭರವಸೆ. ಉಳಿಯದೆ ಹೋಗುವುದು ವೈರಸ್ ಒಂದೇ ಅಲ್ಲ. ರಾತ್ರಿ ಬಂದ ಅಪ್‌ಡೇಟೂ ಬೆಳಿಗ್ಗೆಗೆ ಅಳಿಸಿಹೋಗಿ, ಫ್ರೀಜ್ ಮಾಡಿದ ದಿನದ ಬ್ರೌಸರೇ ಮತ್ತೆ ಎದ್ದು ನಿಲ್ಲುತ್ತದೆ. ಅದನ್ನು ಬಳಸುವವರು ವಾರಕ್ಕೊಮ್ಮೆಯಾದರೂ ಥಾ ಮಾಡಿ (ಫ್ರೀಜ್ ತೆಗೆದು), ವಿಂಡೋಸನ್ನೂ ಬ್ರೌಸರನ್ನೂ ಅಪ್‌ಡೇಟ್ ಮಾಡಿ, ಮತ್ತೆ ಫ್ರೀಜ್ ಮಾಡಲೇಬೇಕು.

ಇನ್ನು ವಿಂಡೋಸ್ 7ರ ಮಾತು. ಇನ್ನೂ ಕೆಲವು ಕೇಂದ್ರಗಳಲ್ಲಿ ಅದು ಇದೆ. ಮೈಕ್ರೋಸಾಫ್ಟ್ ಅದಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿತು. ಅದರ ಮೇಲೆ ಓಡುವ ಕೊನೆಯ ಕ್ರೋಮ್ 109ನೆಯದು. 2023ರ ಫೆಬ್ರವರಿಯಲ್ಲಿ 110 ಬಂದಾಗ ವಿಂಡೋಸ್ 7, 8, 8.1 ಮೂರನ್ನೂ ಕೈಬಿಟ್ಟರು. ಅಂದರೆ ಮೇಲೆ ಹೇಳಿದ ವೆಬ್‌ಪಿ ದೋಷ ಬೆಳಕಿಗೆ ಬಂದಾಗಲೇ ಆ ಬ್ರೌಸರ್ ಹಳೆಯ ಸಾಲಿಗೆ ಸೇರಿ ಏಳು ತಿಂಗಳಾಗಿತ್ತು. ಈ ಯಂತ್ರಗಳಲ್ಲಿ ಎಷ್ಟು ಸಲ ಮುಚ್ಚಿ ತೆರೆದರೂ ಪ್ರಯೋಜನವಿಲ್ಲ. ಹಣ ಕೂಡಿಸಿ ಯಂತ್ರ ಬದಲಿಸುವ ತನಕ ಅದನ್ನು ಬರೀ ಟೈಪಿಂಗ್, ಜೆರಾಕ್ಸ್, ಸ್ಕ್ಯಾನಿಂಗಿಗೆ ಇಟ್ಟುಕೊಳ್ಳಿ. ಬ್ಯಾಂಕು, ಆಧಾರ್, ಇಮೇಲ್ ಯಾವುದನ್ನೂ ಅದರಲ್ಲಿ ತೆರೆಯಬೇಡಿ. ವಿಂಡೋಸ್ 10 ಇರುವವರ ಸ್ಥಿತಿ ಇಷ್ಟು ಕೆಟ್ಟದ್ದಲ್ಲ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದರೂ, ಅದರ ಕೊನೆಯ ಆವೃತ್ತಿಯಲ್ಲಿ ಎಡ್ಜ್ ಬ್ರೌಸರಿಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಬ್ರೌಸರ್ ಹೊಸದಾಗಿದ್ದರೂ ಕೆಳಗಿನ ವಿಂಡೋಸ್ ಹಳೆಯದಾದರೆ ಪೂರ್ತಿ ನಿಶ್ಚಿಂತೆ ಎನ್ನಲಾಗದು. ಆದರೂ ಹೊಸ ಯಂತ್ರಕ್ಕೆ ದಾರಿ ಹುಡುಕಿಕೊಳ್ಳಲು ಸ್ವಲ್ಪ ಕಾಲ ಸಿಗುತ್ತದೆ.

ಹಳೆಯ ಯಂತ್ರಗಳಲ್ಲಿ ಇನ್ನೊಂದು ಕಾಟ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಷ್ಟಿರುವ ಸಿಮೋಸ್ ಸೆಲ್ ಸತ್ತುಹೋಗಿರುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ವೆಬ್‌ಸೈಟಿನ ಸರ್ಟಿಫಿಕೇಟ್ ಬ್ರೌಸರಿಗೆ ಹೊಂದುವುದಿಲ್ಲ, ಸಂಪರ್ಕ ಸುರಕ್ಷಿತವಲ್ಲ ಎಂದು ಪುಟ ತುಂಬ ಎಚ್ಚರಿಕೆ ಬರುತ್ತದೆ. ನೀವು ಅಡ್ವಾನ್ಸ್ಡ್ ಒತ್ತಿ, ಪ್ರೊಸೀಡ್ ಒತ್ತಿ ಒಳಗೆ ಹೋಗುತ್ತೀರಿ. ದಿನಾ ಹೀಗೆ ಮಾಡಿ ಬೆರಳಿಗೆ ಅಭ್ಯಾಸವಾಗುತ್ತದೆ. ಯಾವುದೋ ಒಂದು ದಿನ ಅದೇ ಎಚ್ಚರಿಕೆ ನಿಜವಾಗಿಯೂ ನಕಲಿ ತಾಣಕ್ಕೆ ಬಂದಾಗಲೂ ಬೆರಳು ತಾನಾಗಿ ಪ್ರೊಸೀಡ್ ಒತ್ತುತ್ತದೆ. ಆ ಸೆಲ್ಲಿನ ಬೆಲೆ ಒಂದು ಊಟಕ್ಕಿಂತ ಕಡಿಮೆ. ದಯವಿಟ್ಟು ಹಾಕಿಸಿ.

ಅಪ್‌ಡೇಟ್ ಮಾಡಿ ಎಂದು ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ನಾನೇ ನಿಮ್ಮನ್ನು ಹಳ್ಳಕ್ಕೆ ತಳ್ಳಿದಂತಾಗುತ್ತದೆ. ಯಾವುದೋ ವೆಬ್‌ಸೈಟ್ ನೋಡುತ್ತಿರುವಾಗ ಪುಟದ ನಡುವೆಯೇ, ನಿಮ್ಮ ಕ್ರೋಮ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ ಎಂದು ಅಚ್ಚುಕಟ್ಟಾದ ಕಿಟಕಿ ತೆರೆದುಕೊಳ್ಳಬಹುದು. ಅದು ಮೋಸ. ಸಾಕ್‌ಗೋಲಿಶ್ ಎಂದು ಭದ್ರತಾ ತಜ್ಞರು ಕರೆಯುವ ಒಂದು ಜಾಲ ಇದನ್ನೇ ಕಸುಬು ಮಾಡಿಕೊಂಡಿದೆ. ಒಳ್ಳೆಯ, ನಿಜವಾದ ವೆಬ್‌ಸೈಟುಗಳಿಗೇ ಕನ್ನ ಹಾಕಿ ಅವುಗಳ ಮೇಲೆ ಈ ಕಿಟಕಿ ಕೂರಿಸುತ್ತಾರೆ. ಒತ್ತಿದರೆ ಒಂದು ಚಿಕ್ಕ ಫೈಲು ಇಳಿಯುತ್ತದೆ, ಅದನ್ನು ತೆರೆದರೆ ಯಂತ್ರ ಅವರ ಕೈಗೆ. ಮೊಬೈಲಿನಲ್ಲಿ ಇದೇ ಮೋಸ ಎಪಿಕೆ ಫೈಲಿನ ರೂಪದಲ್ಲಿ ವಾಟ್ಸ್ಆ್ಯಪ್‌ಗೆ ಬರುತ್ತದೆ. ಒಮ್ಮೆ ಟ್ರಾಫಿಕ್ ದಂಡದ ಚಲನ್, ಒಮ್ಮೆ ಮದುವೆ ಕರೆಯೋಲೆ, ಒಮ್ಮೆ ಪಿಎಂ ಕಿಸಾನ್ ಎಂಬ ಹೆಸರು. ಗುರುತು ಸುಲಭ. ನಿಜವಾದ ಅಪ್‌ಡೇಟ್ ಎಂದೂ ವೆಬ್‌ಪುಟದ ಒಳಗಿನಿಂದ ಕರೆಯುವುದಿಲ್ಲ. ಕ್ರೋಮ್‌ನಲ್ಲಾದರೆ ಬಲ ಮೇಲಿನ ಮೂರು ಚುಕ್ಕಿ ಒತ್ತಿ, ಹೆಲ್ಪ್‌ಗೆ ಹೋಗಿ, ಅಬೌಟ್ ಗೂಗಲ್ ಕ್ರೋಮ್ ತೆರೆಯಿರಿ. ತಾನೇ ಹುಡುಕಿ, ಇಳಿಸಿಕೊಂಡು, ರೀಲಾಂಚ್ ಎಂದು ಕೇಳುತ್ತದೆ. ಎಡ್ಜ್‌ನಲ್ಲೂ ಮೂರು ಚುಕ್ಕಿ, ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆ, ಉಳಿದದ್ದು ಹೆಚ್ಚುಕಡಿಮೆ ಹೀಗೇ. ಆಂಡ್ರಾಯ್ಡ್ ಮೊಬೈಲಿನಲ್ಲಿ ಪ್ಲೇ ಸ್ಟೋರ್ ಒಂದೇ ದಾರಿ. ಅಲ್ಲಿ ಕ್ರೋಮ್ ಜೊತೆಗೆ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎಂಬುದನ್ನೂ ಅಪ್‌ಡೇಟ್ ಮಾಡಿ, ಬೇರೆ ಆ್ಯಪುಗಳು ತಮ್ಮೊಳಗೆ ವೆಬ್‌ಪುಟ ತೋರಿಸುವುದು ಅದರ ಮೂಲಕ.

ಬ್ರೌಸರ್ ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಗಿರಾಕಿಯ ಪಾಸ್‌ವರ್ಡಿಗೆ ಎಂದಿಗೂ ಹೂಂ ಅನ್ನಬೇಡಿ. ಯಂತ್ರದೊಳಗೆ ಹೊಕ್ಕ ಕಳ್ಳ ಪ್ರೋಗ್ರಾಮು ಮೊದಲು ಹುಡುಕುವುದು ಆ ಪಟ್ಟಿಯನ್ನು, ಆಮೇಲೆ ಕುಕೀಗಳನ್ನು. ಕುಕೀ ಎಂದರೆ ಇವರು ಆಗಲೇ ಲಾಗಿನ್ ಆದವರು ಎಂದು ವೆಬ್‌ಸೈಟ್ ಕೊಟ್ಟಿರುವ ಗುರುತು. ಅದನ್ನು ಕದ್ದವನಿಗೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. 2024ರ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್ ಪೊಲೀಸರು ಹಲವು ದೇಶದವರ ಜೊತೆ ಸೇರಿ ಇಂಥ ರೆಡ್‌ಲೈನ್, ಮೆಟಾ ಎಂಬ ಎರಡು ಜಾಲಗಳನ್ನು ಮುರಿದರು. ಜಾಲ ಮುರಿದರೂ ಈ ಕಸುಬು ನಿಂತಿಲ್ಲ. ಗಿರಾಕಿಯ ಕೆಲಸವನ್ನು ಗೆಸ್ಟ್ ಕಿಟಕಿಯಲ್ಲಿ ಮಾಡಿ, ಕೆಲಸ ಮುಗಿದ ಕೂಡಲೇ ಮುಚ್ಚಿ. ಅವರ ಜಿಮೇಲ್ ನಿಮ್ಮ ಟ್ಯಾಬಿನಲ್ಲಿ ರಾತ್ರಿ ಕಳೆಯಬಾರದು.

ಎಲ್ಲ ಹೊಣೆಯನ್ನೂ ನಿಮ್ಮ ತಲೆಗೇ ಕಟ್ಟುವುದು ನ್ಯಾಯವಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತದೆ ಎಂಬ ಸರ್ಕಾರಿ ಪುಟಗಳ ಕಾಲ ನಿಮಗೆ ನೆನಪಿರಬೇಕು. ಆ ಬ್ರೌಸರಿಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ದಕ್ಷಿಣ ಕೊರಿಯಾದಲ್ಲಿ ಈ ಕಟ್ಟು ಇಡೀ ದೇಶವನ್ನೇ ಬಿಗಿದಿತ್ತು. 1999ರಲ್ಲಿ ಬಂದ ಡಿಜಿಟಲ್ ಸಹಿ ಕಾನೂನಿನ ಬೆನ್ನಿಗೆ ಅಲ್ಲಿನ ಬ್ಯಾಂಕುಗಳೂ ಅಂಗಡಿಗಳೂ ಆ್ಯಕ್ಟಿವ್ ಎಕ್ಸ್ ಎಂಬ ಮೈಕ್ರೋಸಾಫ್ಟ್ ತಂತ್ರಕ್ಕೆ ಜೋತುಬಿದ್ದವು. ಪ್ರಪಂಚ ಮುಂದೆ ಹೋದರೂ ಕೊರಿಯನ್ನರು ಹಣ ಕಟ್ಟಲು ಹಳೆಯ ಬ್ರೌಸರನ್ನೇ ತೆರೆಯಬೇಕಿತ್ತು. 2014ರಲ್ಲಿ ಒಂದು ಟಿವಿ ಧಾರಾವಾಹಿಯ ನಾಯಕಿ ತೊಟ್ಟ ಕೋಟನ್ನು ಚೀನಾದ ಅಭಿಮಾನಿಗಳು ಕೊರಿಯಾದ ತಾಣಗಳಿಂದ ಕೊಳ್ಳಲಾಗುತ್ತಿಲ್ಲ ಎಂದು ಅಲ್ಲಿನ ಅಧ್ಯಕ್ಷೆಯೇ ಬಹಿರಂಗವಾಗಿ ಬೇಸರಪಟ್ಟರು. ಆ ಹಳೆಯ ಸರ್ಟಿಫಿಕೇಟ್ ವ್ಯವಸ್ಥೆಯ ವಿಶೇಷ ಸ್ಥಾನ ಕಾನೂನಿನಿಂದ ಹೋದದ್ದು 2020ರ ಡಿಸೆಂಬರ್‌ನಲ್ಲಿ, ಎರಡು ದಶಕ ಕಳೆದ ಮೇಲೆ.

ಅದಕ್ಕೇ ಇಲಾಖೆಗಳಿಗೂ ನಿಮ್ಮ ಮೂಲಕ ಒಂದು ಮಾತು ಮುಟ್ಟಬೇಕು. ಹೊಸ ಬ್ರೌಸರಿನಲ್ಲಿ ಯಾವುದೋ ಪೋರ್ಟಲ್ ಓಡಲಿಲ್ಲ, ಬೆರಳಚ್ಚು ಓದಲಿಲ್ಲ ಅಂದರೆ ಹಳೆಯ ಬ್ರೌಸರಿಗೆ ಹಿಂದಿರುಗಬೇಡಿ, ದೂರು ಕೊಡಿ. ಪರದೆಯ ಚಿತ್ರ ತೆಗೆದು, ಆವೃತ್ತಿಯ ಸಂಖ್ಯೆ, ತಾರೀಖು, ಸಾಧನದ ಹೆಸರು ಬರೆದು ಜಿಲ್ಲಾ ಸಂಯೋಜಕರಿಗೆ ಕಳಿಸಿ. ಒಬ್ಬರು ಕಳಿಸಿದರೆ ಮೂಲೆಗೆ ಬೀಳುತ್ತದೆ, ತಾಲ್ಲೂಕಿನ ಎಲ್ಲರೂ ಒಂದೇ ದಿನ ಕಳಿಸಿದರೆ ಉತ್ತರ ಕೊಡಬೇಕಾಗುತ್ತದೆ. ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಬ್ರೌಸರುಗಳ ಬಗ್ಗೆ ಪದೇಪದೇ ಎಚ್ಚರಿಕೆ ಹೊರಡಿಸುತ್ತದೆ. ಅವು ನಿಮ್ಮ ಕೌಂಟರಿಗೆ ಕನ್ನಡದಲ್ಲಿ, ಎರಡು ಸಾಲಿನಲ್ಲಿ, ಅದೇ ದಿನ ಬರುವಂತೆ ಮಾಡಿ ಎಂದು ಮುಂದಿನ ಸಭೆಯಲ್ಲಿ ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಸರ್ಕಾರದ ಕೆಲಸ ಜನರಿಗೆ ಮುಟ್ಟುತ್ತಿರುವುದು ನಿಮ್ಮ ಯಂತ್ರದಿಂದ.

ಡೇಟಾ ಖರ್ಚಿನ ಮಾತು ತೆಗೆಯುವವರಿಗೆ: ಕ್ರೋಮ್‌ನವರು 2009ರಲ್ಲೇ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುವ ಉಪಾಯ ಮಾಡಿಕೊಂಡರು. ಆಗ ಅವರು ತೋರಿಸಿದ ಉದಾಹರಣೆಯಲ್ಲಿ ಪೂರ್ತಿ ಕಳಿಸಿದರೆ 10 ಎಂಬಿ ಆಗುತ್ತಿದ್ದ ಅಪ್‌ಡೇಟು ಸುಮಾರು 78 ಕೆಬಿಗೆ ಇಳಿದಿತ್ತು. ಈಗಿನ ಬ್ರೌಸರು ಅದಕ್ಕಿಂತ ತುಂಬ ದೊಡ್ಡದು, ಅಪ್‌ಡೇಟೂ ದೊಡ್ಡದೇ. ಆದರೂ ವಾರವಾರ ತೆಗೆದುಕೊಳ್ಳುವವರಿಗೆ ಹೊರೆ ಕಡಿಮೆ.

ಎಷ್ಟು ಎಚ್ಚರ ವಹಿಸಿದರೂ ಗಿರಾಕಿಯ ಹಣ ಹೋದದ್ದು ಗೊತ್ತಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಿಸಿ. ಅಂಗಡಿಯ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೆ ಹಣ ತಡೆಹಿಡಿಯುವ ಅವಕಾಶವೂ ಕೈತಪ್ಪುತ್ತದೆ.

ಇವತ್ತು ಷಟರ್ ಎಳೆಯುವ ಮುಂಚೆ ಅಬೌಟ್ ಪುಟ ತೆರೆದು ನೋಡಿ. ಅಲ್ಲಿ ಅಪ್‌ಡೇಟ್ ಆಗುತ್ತಿದ್ದರೆ ಸರಿ. ಅಪ್‌ಡೇಟ್ ಬಂದ್ ಮಾಡಲಾಗಿದೆ ಎಂದೋ, ವಿಂಡೋಸ್ 10 ಬೇಕು ಎಂದೋ ಬಂದರೆ, ನಿಮ್ಮ ಯಂತ್ರ ನೋಡಿಕೊಳ್ಳುವವರನ್ನು ಕರೆಸಿ. ನಮ್ಮ ತಾಲ್ಲೂಕಿನವರು ನನಗೇ ಹೇಳಿ ಕಳಿಸಿ. ಡಿಸೇಬಲ್ ಆದ ಅಪ್‌ಡೇಟನ್ನು ಮತ್ತೆ ಆನ್ ಮಾಡಿ, ಆರ್‌ಡಿ ಸರ್ವಿಸ್ ಹೊಂದಿಸಿ, ನಿಮ್ಮ ಬೆರಳಚ್ಚಿನ ಯಂತ್ರ ಕೆಲಸ ಮಾಡುವುದನ್ನು ನಿಮ್ಮ ಮುಂದೆಯೇ ತೋರಿಸಿ ಹೋಗುತ್ತೇನೆ. ಈ ಒಂದು ಕೆಲಸಕ್ಕೆ ನಾನು ಚಾರ್ಜ್ ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಕೇಂದ್ರಗಳ ಕಂಪ್ಯೂಟರ್ ರಿಪೇರಿ ಮಾಡುವವನು